ಕಾಳಿಗೆ ಹಿಡಿದ ಬೆಳಕು ಕಾಳು ಆರಿಸುವವರ ಬಾಯಿಗೂ ಬೀಳಲಿ

ಮಾನ್ಯ ಸಂಪಾದಕರೇ,

ಬೆಳಕು ಹಾಯಿಸಿ ಕ್ಯಾನ್ಸರ್ ಕೋಶಗಳನ್ನು ಬೇಗ ಪತ್ತೆ ಹಚ್ಚುವ ತಂತ್ರಜ್ಞಾನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಕಡೆ ಇದೆಲ್ಲ ಸಾಮಾನ್ಯ ಜನರಿಗೆ ಸುಲಭಕ್ಕೆ ಅರ್ಥವಾಗುವ ವಿಷಯವಲ್ಲ ಎಂಬ ಮಾತು ಇತ್ತು. ಅಲ್ಲಿಗೆ ಬಂದಾಗ ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ. ನಾನು ಏಳನೇ ತರಗತಿ ಓದಿದವನು. ಇಪ್ಪತ್ತಮೂರು ವರ್ಷ ಸಂಬಳ ಎಣಿಸಿದ್ದು ಅದೇ ಕೆಲಸಕ್ಕೆ, ಬೆಳಕು ಹಾಯಿಸಿ ಕೆಟ್ಟದ್ದನ್ನು ಹುಡುಕುವ ಕೆಲಸಕ್ಕೆ.

ಕೆಟ್ಟದ್ದು ಅಂದರೆ ಕೆಟ್ಟ ಕಾಫಿ ಕಾಳು.

ಚಿಕ್ಕಮಗಳೂರಿನಲ್ಲಿ ಕಾಫಿ ಕಾಳಿನ ಸಿಪ್ಪೆ ತೆಗೆದು ಹಸನು ಮಾಡುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ನಾನು ಮೂಟೆ ಹೊರುವ ಹುಡುಗನಾಗಿ ಸೇರಿದೆ. ಆಮೇಲೆ ಬಣ್ಣ ನೋಡಿ ಕಾಳು ಬೇರೆ ಮಾಡುವ ಕಲರ್ ಸಾರ್ಟರ್ ಯಂತ್ರ ಬಂತು. ಅದನ್ನು ಕೂರಿಸಲು ಬಂದ ಎಂಜಿನಿಯರ್‌ಗೆ ಸ್ಪ್ಯಾನರ್ ಕೊಡಲು ನನ್ನನ್ನು ನಿಲ್ಲಿಸಿದರು. ಹದಿನೈದು ದಿನ ಸ್ಪ್ಯಾನರ್ ಕೊಟ್ಟೆ. ಅವರು ಹೊರಟಾಗ ಯಂತ್ರ ಓಡಿಸಲು ಬರುತ್ತಿದ್ದದ್ದು ನನಗೊಬ್ಬನಿಗೆ. ಹಾಗೆ ಆಪರೇಟರ್ ಆದೆ.

ಆ ಯಂತ್ರದ ಮರ್ಮ ಹೇಳುತ್ತೇನೆ, ಪತ್ರ ಉದ್ದವಾದರೂ ಬೇಜಾರು ಮಾಡಿಕೊಳ್ಳಬೇಡಿ. ಮೇಲಿನ ಹಾಪರ್‌ನಿಂದ ಕಾಳು ನಡುಗುವ ತಟ್ಟೆಗೆ ಬೀಳುತ್ತದೆ. ಅಲ್ಲಿಂದ ಸಾಲು ಹಿಡಿದು ಕೆಳಕ್ಕೆ ಜಾರುತ್ತದೆ. ಜಾರಿ ಬೀಳುವಾಗ ಮುಂದೆ ಒಂದು ದೀಪ, ಹಿಂದೆ ಒಂದು ದೀಪ, ಎರಡೂ ಕಡೆ ಕ್ಯಾಮೆರಾ. ಕಾಳಿನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಬಂತು ಅಂತ ಕ್ಯಾಮೆರಾ ನೋಡುತ್ತದೆ. ಒಳ್ಳೆ ಪ್ಲಾಂಟೇಷನ್ ಕಾಳು ನೀಲಿ ಹಸಿರು ಬಣ್ಣದ್ದು, ಒಂದು ಲೆಕ್ಕದಲ್ಲಿ ಬೆಳಕು ಹಿಂದಕ್ಕೆ ಕೊಡುತ್ತದೆ. ಕಪ್ಪು ಕಾಳು ಬೆಳಕನ್ನು ನುಂಗುತ್ತದೆ. ನುಂಗಿದ್ದು ಕಂಡ ತಕ್ಷಣ ಪಕ್ಕದ ಸಣ್ಣ ನಳಿಕೆಯಿಂದ 'ಟಪ್' ಎಂದು ಗಾಳಿ ಹೊಡೆದು ಅದನ್ನು ಬೇರೆ ಡಬ್ಬಿಗೆ ತಳ್ಳುತ್ತದೆ. ಸೆಕೆಂಡಿಗೆ ನೂರಾರು ಕಾಳು. ಆ ಟಪ್ ಟಪ್ ಸದ್ದು ರಿಟೈರ್ ಆದಮೇಲೂ ಎರಡು ವರ್ಷ ಕಿವಿಯಲ್ಲಿತ್ತು.

ಇನ್ನೊಂದು ಇತ್ತು. ಗ್ರೇಡಿಂಗ್ ಕೋಣೆಯಲ್ಲಿ ಒಂದು ಕಪ್ಪು ಪೆಟ್ಟಿಗೆ, ಒಳಗೆ ಅಲ್ಟ್ರಾವೈಲೆಟ್ ದೀಪ. ಅದು ಸ್ಟಿಂಕರ್ ಹಿಡಿಯಲು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸಂದಿಯಲ್ಲೋ ತೊಟ್ಟಿಯ ಮೂಲೆಯಲ್ಲೋ ಹಿಂದಿನ ದಿನದ ಕಾಳು ಸಿಕ್ಕಿಕೊಂಡು ಕೊಳೆತರೆ ಅದು ಸ್ಟಿಂಕರ್. ಹಗಲು ಬೆಳಕಲ್ಲಿ ನೋಡಿದರೆ ಎಷ್ಟೋ ಸಲ ಒಳ್ಳೆ ಕಾಳಿನ ಹಾಗೇ ಇರುತ್ತದೆ. ಹುರಿದು ಪುಡಿ ಮಾಡಿದರೆ ಒಂದೇ ಒಂದು ಕಾಳು ಇಡೀ ಲೋಟದ ಕಾಫಿ ಕೆಡಿಸುತ್ತದೆ. ಆದರೆ ಆ ಪೆಟ್ಟಿಗೆಗೆ ಕಾಳಿನ ತಟ್ಟೆ ತಳ್ಳಿ ಕಿಂಡಿಯಲ್ಲಿ ನೋಡಿದರೆ, ಉಳಿದ ಕಾಳೆಲ್ಲ ಮಂಕಾಗಿ ಕೂತಿರುತ್ತವೆ, ಸ್ಟಿಂಕರ್ ಮಾತ್ರ ಬೆಳ್ಳಗೆ ಮಿಣುಕುತ್ತದೆ. ಕಣ್ಣಿಗೆ ಕಾಣದ್ದು ಬೇರೆ ಬೆಳಕಿಗೆ ಕಾಣುತ್ತದೆ ಎಂದು ನಾನು ಕಲಿತದ್ದು ಅಲ್ಲಿ.

ಈಗ ಅಕ್ಕನ ವಿಷಯ.

ನಮ್ಮ ಅಕ್ಕ ಅದೇ ಕ್ಯೂರಿಂಗ್‌ನಲ್ಲಿ ಗಾರ್ಬ್ಲಿಂಗ್ ಕೆಲಸಕ್ಕಿದ್ದಳು. ಗಾರ್ಬ್ಲಿಂಗ್ ಅಂದರೆ ಯಂತ್ರ ಬಿಟ್ಟ ಕಾಳನ್ನು ಹೆಂಗಸರು ಕೈಯಲ್ಲಿ ಆರಿಸುವುದು. ಕಪ್ಪು, ಕಂದು, ಒಡಕು, ಮೂರನ್ನೂ ಬೇರೆ ಮಾಡಬೇಕು. ಬೆಲ್ಟ್‌ನ ಎರಡೂ ಕಡೆ ಸಾಲಾಗಿ ಕೂತು, ಬೆಳಿಗ್ಗೆಯಿಂದ ಸಂಜೆವರೆಗೆ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಕೂತಳು. ಭಾವ ಸಣ್ಣ ವಯಸ್ಸಿಗೇ ಹೋದರು. ಮಗಳನ್ನು ಓದಿಸಿದ್ದು ಆ ಬೆಲ್ಟ್.

ಅಲ್ಲಿ ಎಲ್ಲರ ಸೊಂಟದಲ್ಲೂ ಒಂದು ಸಂಚಿ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಊಟವಾದ ಮೇಲೆ ಬೆಲ್ಟ್ ನೋಡುತ್ತಾ ಕೂತರೆ ಕಣ್ಣು ಎಳೆಯುತ್ತದೆ, ಕವಳ ಹಾಕಿದರೆ ನಿದ್ದೆ ಬರುವುದಿಲ್ಲ. ಹಲ್ಲು ನೋವಿದ್ದರೆ ಗೊತ್ತಾಗುವುದಿಲ್ಲ. ಹಸಿವೂ ಅಷ್ಟೇ. ಅಕ್ಕ ಬಲಗಡೆ ದವಡೆಗೆ ಒತ್ತಿಟ್ಟುಕೊಂಡು ಗಂಟೆಗಟ್ಟಲೆ ಹಾಗೇ ಬಿಡುತ್ತಿದ್ದಳು. ಕೆಲಸ ಮುಗಿದಮೇಲೆ ಉಗಿಯುವುದು. ರಾತ್ರಿ ಮಲಗುವಾಗಲೂ ಒಂದು ಚೂರು ಬಾಯಲ್ಲಿ ಇರಬೇಕಿತ್ತು.

(ಅಡಿಕೆ ಎಂದು ಬರೆದಾಗಲೇ ಕೊಪ್ಪ, ಶೃಂಗೇರಿ ಕಡೆಯ ನೆಂಟರು ಫೋನ್ ಮಾಡಿ ಬೈಯುತ್ತಾರೆ ಅಂತ ಗೊತ್ತು. ನಮ್ಮ ಮನೆ ಹಿಂದೆಯೂ ಇಪ್ಪತ್ತು ಅಡಿಕೆ ಮರ ಇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಸೇರದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿ 2004ರಲ್ಲೇ ವರದಿ ಕೊಟ್ಟಿದೆ. ನಾನು ಹೇಳಿದ್ದಲ್ಲ.)

ಒಂದು ದಿನ ಅಕ್ಕ ಹೇಳಿದಳು: ಬಲಗಡೆ ಕೆನ್ನೆ ಒಳಗೆ ಹಾಲಿನ ಕೆನೆ ಅಂಟಿದ ಹಾಗಿದೆ, ಉಜ್ಜಿದರೂ ಹೋಗಲ್ಲ ಅಂತ. ನಾನು ನೋಡಲಿಲ್ಲ. ಸುಣ್ಣ ಜಾಸ್ತಿ ಆಗಿರಬೇಕು ಅಂದೆ. ಅತ್ತಿಗೆ ಉಷ್ಣ ಅಂದಳು, ತುಪ್ಪ ಹಚ್ಚಿದಳು. ಮೂರ್ನಾಲ್ಕು ತಿಂಗಳ ಮೇಲೆ ಖಾರ ತಿಂದರೆ ಉರಿ ಶುರುವಾಯಿತು. ಒಂದು ಕ್ಲಿನಿಕ್‌ಗೆ ಹೋದಳು. ಹಲ್ಲು ಚೂಪಾಗಿ ಕೆನ್ನೆಗೆ ತಾಗುತ್ತಿದೆ ಎಂದು ಹಲ್ಲಿನ ಚೂಪು ತೇಯ್ದು ಕೊಟ್ಟರು. ಹಚ್ಚಲು ಜೆಲ್ಲು, ನುಂಗಲು ಬಿ ಕಾಂಪ್ಲೆಕ್ಸ್. ಕಡಿಮೆಯಾಗದೆ ಮತ್ತೆ ಹೋದಳು. ಮತ್ತೆ ಅದೇ ಜೆಲ್ಲು. ಹೀಗೆ ಏಳು ತಿಂಗಳು. ಬಾಯಿಯ ಹುಣ್ಣು ಎರಡು ಮೂರು ವಾರದಲ್ಲಿ ಮಾಯದಿದ್ದರೆ ಅದನ್ನು ಸರಿಯಾಗಿ ಪರೀಕ್ಷೆ ಮಾಡಿಸಲೇಬೇಕು ಎಂಬ ನಿಯಮ ಇದೆಯಂತೆ. ಅದು ನಮಗೆ ಗೊತ್ತಾಗಿದ್ದು ಎಲ್ಲ ಆದಮೇಲೆ.

ಆ ಕ್ಲಿನಿಕ್‌ನವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಬೈಯುವುದಾದರೆ ಮೊದಲು ನನಗೇ. ಬೆಲ್ಟ್ ಮೇಲೆ ಓಡುವ ಕಾಳಿನಲ್ಲಿ ಒಂದು ಕಂದು ಚುಕ್ಕೆ ಇದ್ದರೂ ಹತ್ತು ಅಡಿ ದೂರದಿಂದ ಹೇಳುತ್ತಿದ್ದ ಮನುಷ್ಯ ನಾನು. ಅಕ್ಕನ ಬಾಯಿ ತೆರೆಸಿ ಒಂದು ಟಾರ್ಚ್ ಬಿಡಲಿಲ್ಲ.

ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ರಾತ್ರಿ ಬಸ್ಸು, ಬೆಳಗಿನ ಜಾವ ಮೆಜೆಸ್ಟಿಕ್, ಅಲ್ಲಿಂದ ಆಸ್ಪತ್ರೆ. ಅಲ್ಲಿ ನಡೆದ ಒಂದು ಸಂಗತಿಗಾಗಿಯೇ ಈ ಪತ್ರ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ಬಿಳಿ ಟಾರ್ಚ್‌ನಲ್ಲಿ ಬಾಯಿ ನೋಡಿದರು, ಕೈಗವಸು ಹಾಕಿ ಕೆನ್ನೆ ಒಳಗೆ ಬೆರಳಿಟ್ಟು ಒತ್ತಿದರು, ಕತ್ತು ಮುಟ್ಟಿ ನೋಡಿದರು. ಆಮೇಲೆ ಕಿಟಕಿಯ ಪರದೆ ಎಳೆದು ಟ್ಯೂಬ್‌ಲೈಟ್ ಆರಿಸಿದರು. ಕೈಯಲ್ಲಿ ಹಿಡಿಯುವ ಒಂದು ಸಲಕರಣೆ ತೆಗೆದರು. ಅದರಿಂದ ನೀಲಿ ಬೆಳಕು ಬಂತು. ಅದರ ಹಿಂಬದಿಯ ಗಾಜಿನ ಮೂಲಕ ಅವರು ನೋಡುತ್ತಿದ್ದರು. ನಾನು ಕತ್ತು ಉದ್ದ ಮಾಡಿದ್ದು ಕಂಡು, "ನೋಡ್ತೀರಾ?" ಅಂದರು. ಯಾರೂ ಹಾಗೆ ಕೇಳುವುದಿಲ್ಲ ಅಲ್ವಾ? ನಾನು ಕಲರ್ ಸಾರ್ಟರ್ ಆಪರೇಟರ್ ಎಂದು ಆಗಲೇ ಹೇಳಿದ್ದೆ, ಅದಕ್ಕಿರಬೇಕು.

ನೋಡಿದೆ. ಎಡಗಡೆ ಕೆನ್ನೆಯ ಒಳಗೆಲ್ಲ ತಿಳಿ ಹಸಿರು, ಮಳೆ ಬಂದ ಮೂರನೇ ದಿನ ಗದ್ದೆ ಬದುವಿನಲ್ಲಿ ಏಳುವ ಹುಲ್ಲಿನ ಹಾಗೆ. ಬಲಗಡೆ ಆ ಹಸಿರಿನ ನಡುವೆ ಒಂದು ಕಪ್ಪು ಕಲೆ. ಮಸಿ ಚೆಲ್ಲಿದ ಹಾಗೆ, ಅಂಚು ಸೊಟ್ಟಸೊಟ್ಟ. ನನಗೆ ಎದೆ ಝಲ್ ಎಂದದ್ದು ಅದರ ಅಳತೆ ನೋಡಿ. ಬಿಳಿ ಟಾರ್ಚ್‌ನಲ್ಲಿ ಕಂಡ ಬಿಳಿ ಮಚ್ಚೆ ಎಂಟಾಣೆಯಷ್ಟಿತ್ತು. ನೀಲಿ ಬೆಳಕಿನಲ್ಲಿ ಕಪ್ಪು ಅದನ್ನೂ ದಾಟಿ ದವಡೆಯ ಕಡೆ ಇಳಿದಿತ್ತು.

"ನಮ್ಮ ಪೆಟ್ಟಿಗೆಯಲ್ಲಿ ಕೆಟ್ಟದ್ದು ಹೊಳೆಯುತ್ತದೆ ಮೇಡಂ, ಇಲ್ಲಿ ಒಳ್ಳೆಯದು ಹೊಳೆಯುತ್ತಿದೆ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಸ್ಟಿಂಕರ್ ಕಥೆ ಹೇಳಿದೆ. ನಕ್ಕು, ಕೂರಿಸಿಕೊಂಡು ಹೇಳಿದರು. ನಮ್ಮ ಬಾಯಿಯ ಒಳಚರ್ಮದ ಕೆಳಗೆ ಕೊಲಾಜೆನ್ ಅಂತ ನಾರಿನ ಹಾಸು ಇದೆ, ಕೋಶಗಳ ಒಳಗೂ ಕೆಲವು ರಾಸಾಯನಿಕ ಇವೆ. ನೀಲಿ ಬೆಳಕು ಬಿದ್ದರೆ ಇವು ತಾವಾಗೇ ಹಸಿರು ಬೆಳಕು ಬಿಡುತ್ತವೆ. ಕೋಶ ಕೆಡಲು ಶುರುವಾದರೆ ಕೆಳಗಿನ ನಾರು ಹರಿದುಹೋಗುತ್ತದೆ, ಮೇಲಿನ ಪದರ ದಪ್ಪವಾಗುತ್ತದೆ, ರಕ್ತನಾಳ ಜಾಸ್ತಿಯಾಗಿ ರಕ್ತವೇ ಬೆಳಕನ್ನು ಹೀರುತ್ತದೆ. ಹಸಿರು ಸಾಯುತ್ತದೆ, ಕಪ್ಪು ಕಾಣುತ್ತದೆ. ಕೆಲವೊಮ್ಮೆ ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲೂ ಹೀಗಾಗಿರುತ್ತದಂತೆ.

ತಕ್ಷಣ ಅವರೇ ಇನ್ನೊಂದು ಮಾತೂ ಹೇಳಿದರು. ಸಾದಾ ಹುಣ್ಣಿದ್ದರೂ, ಹಲ್ಲು ತಾಗಿ ಉರಿಯೂತ ಆಗಿದ್ದರೂ ಕಪ್ಪೇ ಕಾಣುತ್ತದೆ. ಅದಕ್ಕೆ ಈ ಬೆಳಕು ನೋಡಿ ಕ್ಯಾನ್ಸರ್ ಎಂದು ಹೇಳುವ ಹಾಗಿಲ್ಲ. ಒಂದು ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಖಾತ್ರಿ, ಅದಕ್ಕೆ ಬಯಾಪ್ಸಿ ಅನ್ನುತ್ತಾರೆ. ಬೆಳಕು ಹೇಳುವುದು ಎಲ್ಲಿಂದ ಚೂರು ತೆಗೆಯಬೇಕು ಅಂತ ಅಷ್ಟೇ.

ಇದನ್ನು ಕೇಳಿ ನನಗೆ ನಮ್ಮ ಯಂತ್ರದ ಸೆನ್ಸಿಟಿವಿಟಿ ನಾಬ್, ಅಂದರೆ ಎಷ್ಟು ಕಟ್ಟುನಿಟ್ಟಾಗಿ ಆರಿಸಬೇಕು ಎಂದು ಯಂತ್ರಕ್ಕೆ ಹೇಳುವ ತಿರುಗುಗುಂಡಿ, ನೆನಪಾಯಿತು. ಆ ನಾಬ್ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಯಂತ್ರ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಅದೇ. ನಾಬ್ ಬಿಗಿ ಮಾಡಿದರೆ ಒಂದು ಕಪ್ಪು ಕಾಳೂ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಒಳ್ಳೆ ಕಾಳೂ ಗುಡ್ಡೆಗಟ್ಟಲೆ ರಿಜೆಕ್ಟ್ ಡಬ್ಬಿಗೆ ಬೀಳುತ್ತದೆ. ಮಾಲೀಕರು ಬಂದು ಕೂಗಾಡುತ್ತಾರೆ. ಸಡಿಲ ಬಿಟ್ಟರೆ ಕಪ್ಪು ಕಾಳು ಒಳ್ಳೆಯದರ ಜೊತೆ ದಾಟುತ್ತದೆ. ಆಗ ಕೊಳ್ಳುವವರು ಕೂಗಾಡುತ್ತಾರೆ. ಎರಡೂ ಆಗದ ಹಾಗೆ ನಾಬ್ ಇಡುವ ಜಾಗ ಅಂತ ಒಂದಿಲ್ಲ. ಅದಕ್ಕೇ ನಾವು ಮೊದಲು ಸ್ವಲ್ಪ ಬಿಗಿ ಇಟ್ಟು, ರಿಜೆಕ್ಟ್ ಡಬ್ಬಿಯನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಿ, ಕೊನೆಗೆ ಹೆಂಗಸರ ಕೈಗೆ ಕೊಡುತ್ತಿದ್ದೆವು. ಬಾಯಿಯ ವಿಷಯದಲ್ಲೂ ಹಾಗೇ. ನೀಲಿ ಬೆಳಕು ಮೊದಲ ಸುತ್ತು. ತಿಳಿದ ಕಣ್ಣು ಎರಡನೆಯದು. ಬಯಾಪ್ಸಿ ಕೊನೆಯದು. ಒಂದೊಂದು ಹಂತದಲ್ಲೂ ಮನುಷ್ಯರು ಬೇಕು. ಯಂತ್ರ ತಂದು ಇಟ್ಟು ರಿಬ್ಬನ್ ಕತ್ತರಿಸಿದರೆ ಆಗುವುದಿಲ್ಲ. ಕ್ಯಾಮೆರಾ ಮುಂದಿನ ಗಾಜಿಗೆ ಕಾಫಿ ಹೊಟ್ಟಿನ ಧೂಳು ಕೂತರೆ ಇಪ್ಪತ್ತು ಲಕ್ಷದ ಯಂತ್ರವೂ ಕುರುಡು. ಗಾಜು ಒರೆಸುವವನು ಯಾರು ಎಂದು ಮೊದಲು ತೀರ್ಮಾನ ಮಾಡಬೇಕು.

ಅಕ್ಕನಿಗೆ ಬಯಾಪ್ಸಿ ಆಯಿತು. ಕ್ಯಾನ್ಸರ್ ಎಂದು ಬಂತು. ಕೆನ್ನೆಯ ಒಳಭಾಗ, ಕೆಳದವಡೆಯ ಮೂಳೆಯ ಒಂದು ತುಂಡು, ಕತ್ತಿನ ಗಂಟುಗಳು ತೆಗೆದರು. ತೊಡೆಯ ಚರ್ಮ ತೆಗೆದು ಕೆನ್ನೆಗೆ ಹೊಲಿದರು. ಆಮೇಲೆ ಮೂವತ್ತು ಸಿಟ್ಟಿಂಗ್ ರೇಡಿಯೇಷನ್, ಆರು ವಾರ. ಆಯುಷ್ಮಾನ್ ಕಾರ್ಡು ಇದ್ದದ್ದರಿಂದ ಆಪರೇಷನ್ ದುಡ್ಡಿಗೆ ತೊಂದರೆಯಾಗಲಿಲ್ಲ. ಆದರೆ ಪೀಣ್ಯದಲ್ಲಿ ಒಂದು ರೂಮು, ದಿನಾ ಆಟೋ, ನನ್ನ ರಜೆ, ಅಕ್ಕನ ಮಗಳ ರಜೆ, ಅದಕ್ಕೆ ಯಾವ ಕಾರ್ಡೂ ಇಲ್ಲ. ಅಕ್ಕ ಬದುಕಿದ್ದಾಳೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ರಾಗಿ ಗಂಜಿ, ಮಿದ್ದ ಅನ್ನ. ಅಕ್ಕಿ ರೊಟ್ಟಿ ಅಂದರೆ ಪ್ರಾಣ ಬಿಡುತ್ತಿದ್ದವಳು. ಈಗ ನಾವು ಅವಳ ಎದುರು ರೊಟ್ಟಿ ತಿನ್ನುವುದಿಲ್ಲ.

ಅಕ್ಕನ ಮಗಳು ಕಡೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಆ ಆರು ವಾರ ಪೀಣ್ಯದ ರೂಮಿನಲ್ಲಿ ರಾತ್ರಿ ಕೂತು ಅವಳು ಈ ಬೆಳಕಿನ ವಿದ್ಯೆಗಳನ್ನೆಲ್ಲ ನನಗೆ ಹೇಳಿದಳು. ನಿದ್ದೆ ಬರದ ರಾತ್ರಿಗಳು, ಏನಾದರೂ ಮಾತು ಬೇಕಿತ್ತು.

ನ್ಯಾರೋ ಬ್ಯಾಂಡ್ ಎಂದು ಒಂದಿದೆ. ದೇಹದ ಒಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಕೊಳವೆಯ ತುದಿಯಲ್ಲಿ ಎಲ್ಲ ಬಣ್ಣದ ಬೆಳಕು ಬಿಡುವ ಬದಲು ನೀಲಿ ಮತ್ತು ಹಸಿರಿನ ಎರಡು ತೆಳು ಪಟ್ಟಿ ಮಾತ್ರ ಬಿಡುತ್ತಾರೆ. ರಕ್ತದ ಹಿಮೊಗ್ಲೋಬಿನ್ ಈ ಎರಡನ್ನೂ ಚೆನ್ನಾಗಿ ನುಂಗುವುದರಿಂದ ಸಣ್ಣ ರಕ್ತನಾಳಗಳು ಗೆರೆ ಎಳೆದ ಹಾಗೆ ಕಾಣುತ್ತವೆ. ಕ್ಯಾನ್ಸರ್ ಶುರುವಾಗುವ ಜಾಗದಲ್ಲಿ ಆ ಗೆರೆಗಳು ಸುರುಳಿ ಸುತ್ತಿಕೊಂಡು ಅಡ್ಡಾದಿಡ್ಡಿ ಆಗಿರುತ್ತವೆ.

ಒ.ಸಿ.ಟಿ. ಎಂಬುದು ಕಣ್ಣಾಸ್ಪತ್ರೆಗೆ ಹೋದವರಿಗೆ ಗೊತ್ತಿರಬಹುದು. ಗದ್ದ ಇಟ್ಟು ನೋಡುವ ಯಂತ್ರ, ಕಣ್ಣಿನ ಹಿಂಪದರವನ್ನು ಸೀಳು ಮಾಡದೆಯೇ ಪದರ ಪದರವಾಗಿ ತೋರಿಸುತ್ತದೆ. 1991ರಲ್ಲಿ ಅಮೆರಿಕದಲ್ಲಿ ಅದರ ಮೊದಲ ವರದಿ ಬಂತು. ಸ್ಕ್ಯಾನಿಂಗ್‌ನಲ್ಲಿ ಶಬ್ದದ ಪ್ರತಿಧ್ವನಿ ಹಿಡಿದ ಹಾಗೆ ಇಲ್ಲಿ ಬೆಳಕಿನ ಪ್ರತಿಧ್ವನಿ ಹಿಡಿಯುತ್ತಾರೆ. ಚರ್ಮದ ಕೆಳಗೆ ಒಂದೆರಡು ಮಿಲಿಮೀಟರ್ ಮಾತ್ರ ಕಾಣುತ್ತದೆ. ಆದರೆ ಬಾಯಿ, ಗಂಟಲು, ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಮೇಲಿನ ಪದರದಲ್ಲೇ. ಆ ಪದರದ ತಳದಲ್ಲಿ ಒಂದು ತೆಳುವಾದ ನೆಲಗಟ್ಟು ಇರುತ್ತದಂತೆ. ಕೆಟ್ಟ ಕೋಶ ಅದರ ಮೇಲೇ ಇದೆಯೋ, ಒಡೆದು ಕೆಳಗೆ ಇಳಿದಿದೆಯೋ ಎನ್ನುವುದರ ಮೇಲೆ ರೋಗಿಯ ಹಣೆಬರಹ. ಅಕ್ಕನದು ಇಳಿದಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಾಮನ್ ವಿದ್ಯೆ. ಸಿ.ವಿ. ರಾಮನ್ ಅಂದರೆ ನೊಬೆಲ್ ಬಂದವರು, ಬೆಂಗಳೂರಿನಲ್ಲಿ ಇದ್ದವರು ಎಂದಷ್ಟೇ ಗೊತ್ತಿತ್ತು. 1928ರ ಫೆಬ್ರವರಿ 28ರಂದು ಅವರು ಕಂಡದ್ದು ಇದು: ಒಂದು ವಸ್ತುವಿಗೆ ಬೆಳಕು ಬಿಟ್ಟರೆ ಚದುರಿ ಬರುವ ಬೆಳಕಿನಲ್ಲಿ ಹೆಚ್ಚು ಕಡಿಮೆ ಎಲ್ಲವೂ ನಾವು ಬಿಟ್ಟ ಬಣ್ಣದಲ್ಲೇ ಬರುತ್ತದೆ, ಕೋಟಿಗೆ ಒಂದು ಬೆಳಕಿನ ಕಣದ ಲೆಕ್ಕದಲ್ಲಿ ಮಾತ್ರ ಬಣ್ಣ ಒಂಚೂರು ಬದಲಾಗಿ ಬರುತ್ತದೆ. ಬದಲಾವಣೆ ಎಷ್ಟು ಎಂದು ನೋಡಿದರೆ ಆ ವಸ್ತುವಿನಲ್ಲಿ ಯಾವ ಅಣುಗಳಿವೆ ಎಂದು ತಿಳಿಯುತ್ತದೆ. ಕೋಶ ಕೆಡುವಾಗ ಅದರ ಕೊಬ್ಬು, ಪ್ರೋಟೀನ್, ಡಿ.ಎನ್.ಎ. ಲೆಕ್ಕ ಏರುಪೇರಾಗುತ್ತದೆ. ಕಣ್ಣಿಗೆ ಮಚ್ಚೆ ಕಾಣುವ ಮೊದಲೇ ಆ ಏರುಪೇರು ಹಿಡಿಯಬಹುದೇ ಎಂದು ನವಿ ಮುಂಬೈನ ಖಾರಘರ್‌ನಲ್ಲಿರುವ ಟಾಟಾ ಸಂಶೋಧನಾ ಕೇಂದ್ರ ಆಕ್ಟ್ರೆಕ್‌ನವರು ಬಾಯಿ ಕ್ಯಾನ್ಸರ್ ಮೇಲೆ ಕೆಲಸ ಮಾಡಿದ್ದಾರೆ. ಕೋಟಿಗೆ ಒಂದು! ನಾವು ಒಂದು ಮೂಟೆಯಲ್ಲಿ ಹತ್ತು ಸ್ಟಿಂಕರ್ ಹುಡುಕಿದರೆ ಬೋನಸ್ ಕೇಳುತ್ತಿದ್ದೆವು.

ಅದೇ 1928ರಲ್ಲಿ ಅಮೆರಿಕದಲ್ಲಿ ಪಾಪಾನಿಕೊಲಾವು ಎಂಬ ಗ್ರೀಸ್ ಮೂಲದ ವೈದ್ಯರು ಗರ್ಭಕೊರಳಿನಿಂದ ಉದುರಿದ ಕೋಶ ತೆಗೆದು ಗಾಜಿನ ಮೇಲೆ ಹಚ್ಚಿ ಕ್ಯಾನ್ಸರ್ ಗುರುತಿಸಬಹುದು ಎಂದರಂತೆ. ಈಗಿನ ಪ್ಯಾಪ್ ಟೆಸ್ಟ್ ಬಂದದ್ದು ಅದರಿಂದಲೇ. ರಾಮನ್ ಆಗ ಕಲ್ಕತ್ತದಲ್ಲಿ, ಇವರು ಅಲ್ಲಿ. ಇಬ್ಬರಿಗೂ ಪರಸ್ಪರ ಪರಿಚಯ ಇದ್ದಿರಲಾರದು. ಸುಮ್ನೆ ಹೇಳಿದೆ.

ಇಷ್ಟೆಲ್ಲ ಕೇಳಿ ನಾನು ಒಂದೇ ಪ್ರಶ್ನೆ ಕೇಳಿದೆ: ಇದರಲ್ಲಿ ಯಾವುದು ಗಾರ್ಬ್ಲಿಂಗ್ ಹಾಲ್‌ಗೆ ಬರುತ್ತದೆ? ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇರಳದ ಒಂದು ವಿಷಯ ತೆಗೆದಳು. ತಿರುವನಂತಪುರದ ಹತ್ತಿರ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತಂತೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ಕಣ್ಣಿನಲ್ಲೇ ನೋಡಿದರು. ಅನುಮಾನ ಬಂದವರನ್ನು ಡಾಕ್ಟರ ಹತ್ತಿರ ಕಳಿಸಿದರು. 2005ರಲ್ಲಿ ಲೆಕ್ಕ ಪ್ರಕಟವಾದಾಗ, ಹೊಗೆಸೊಪ್ಪು ಅಥವಾ ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಮುಂಬೈಯಲ್ಲೂ ಇಂಥದ್ದೇ ಇನ್ನೊಂದು ಅಧ್ಯಯನ, ಅದು ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ. ಬಡ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅರ್ಧ ಜನರಿಗೆ ಗರ್ಭಕೊರಳಿಗೆ ವಿನಿಗರ್ ಹಚ್ಚಿ ನೋಡುವ ಪರೀಕ್ಷೆ ಮಾಡಿದರು. ಕೆಟ್ಟ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. 2013ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಅವರಲ್ಲಿ ಗರ್ಭಕೊರಳ ಕ್ಯಾನ್ಸರ್ ಸಾವು ನೂರಕ್ಕೆ 31ರಷ್ಟು ಇಳಿದಿತ್ತು. ವಿನಿಗರ್, ಒಂದು ದೀಪ, ಕಲಿತ ಒಂದು ಜೊತೆ ಕಣ್ಣು. ಅಲ್ಲಿ ಬೇರೆ ಯಂತ್ರ ಇರಲಿಲ್ಲ.

ಆದ್ದರಿಂದ ನಾನು ಕೇಳುವುದು ದೊಡ್ಡದಲ್ಲ. 30 ವರ್ಷ ದಾಟಿದವರಿಗೆಲ್ಲ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಮಾಡಬೇಕೆಂಬ ಸರ್ಕಾರಿ ಕಾರ್ಯಕ್ರಮ ಇದೆ, ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಫಾರಂ ತುಂಬುತ್ತಾರೆ. ಒಳ್ಳೆಯದೇ. ಆದರೆ ಅವರು ಬರುವುದು ಹಗಲು ಹೊತ್ತು. ಆಗ ಗಾರ್ಬ್ಲಿಂಗ್‌ನವರು ಬೆಲ್ಟ್ ಮುಂದೆ ಇರುತ್ತಾರೆ, ತೋಟದವರು ತೋಟದಲ್ಲಿ. ಮನೆಯಲ್ಲಿರುವ ಸೊಸೆಯ ಹೆಸರಿನ ಮುಂದೆ ಟಿಕ್ ಬೀಳುತ್ತದೆ, ಕವಳ ಹಾಕುವ ಅತ್ತೆಯದು ಮುಂದಿನ ಸಲಕ್ಕೆ. ನಮ್ಮ ಕಡೆ ಕ್ಯೂರಿಂಗ್‌ಗಳು ತುಂಬಿ ತುಳುಕುವುದು ಕಾಫಿ ಕೊಯ್ಲಾದ ಮೇಲೆ, ಫೆಬ್ರವರಿ ಮಾರ್ಚ್ ಹೊತ್ತಿಗೆ. ಆಗ ಬಟವಾಡೆ ದಿನ ಯಾರೂ ತಪ್ಪಿಸುವುದಿಲ್ಲ. ಜ್ವರ ಇದ್ದರೂ ಬರುತ್ತಾರೆ. ಆ ದಿನ ಗೇಟಿನ ಹತ್ತಿರ ಇಬ್ಬರು ಕೂರಲಿ. ಒಬ್ಬರು ಬಿಳಿ ಟಾರ್ಚ್‌ನಲ್ಲಿ ನೋಡಲಿ, ಅನುಮಾನ ಬಂದ ಬಾಯಿಗೆ ಇನ್ನೊಬ್ಬರು ನೀಲಿ ಬೆಳಕು ಬಿಡಲಿ. ಮೊಬೈಲ್ ಫೋನಿಗೇ ನೀಲಿ ದೀಪ ಜೋಡಿಸಿ, ಫೋಟೋ ತೆಗೆದು, ದೂರದ ತಜ್ಞರಿಗೆ ಕಳಿಸುವ ಸಲಕರಣೆ ಬಗ್ಗೆ ಬೆಂಗಳೂರಿನ ವೈದ್ಯರೂ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರೂ ಸೇರಿ 2018ರಲ್ಲೇ ಬರೆದಿದ್ದಾರೆ. ಅಂಥದ್ದೊಂದು ನಮ್ಮ ಜಿಲ್ಲೆಗೂ ಬರಲಿ. ಮಾಲೀಕರು ಅರ್ಧ ದಿನದ ಕೂಲಿ ಹಿಡಿಯದಿರಲಿ. ಕಪ್ಪು ಕಂಡವರಿಗೆ ಬಯಾಪ್ಸಿ ಇಲ್ಲೇ ಜಿಲ್ಲೆಯಲ್ಲೇ ಆಗಲಿ, ಬರೀ ಒಂದು ಚೀಟಿ ಕೊಟ್ಟು ಬೆಂಗಳೂರಿಗೆ ಹೋಗಿ ಎಂದರೆ ಹತ್ತರಲ್ಲಿ ಎಂಟು ಜನ ಹೋಗುವುದಿಲ್ಲ. ಇದು ನನ್ನ ಅಂದಾಜು. ಆದರೆ ಇಪ್ಪತ್ತಮೂರು ವರ್ಷ ಅವರ ಜೊತೆ ಟೀ ಕುಡಿದವನ ಅಂದಾಜು.

ಒಂದು ಹೆದರಿಕೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಇಂಥ ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ನೀಲಿ ಬೆಳಕಿನಲ್ಲಿ ಕಪ್ಪು ಕಂಡಿತು ಎಂದು ಗೇಟಿನಲ್ಲಿ ಎಲ್ಲರೆದುರು ಹೇಳಿದರೆ, ಮರುದಿನ ಆ ಹೆಂಗಸಿನ ಪಕ್ಕ ಯಾರೂ ಕೂರುವುದಿಲ್ಲ. ಕ್ಯಾನ್ಸರ್ ಅಂಟುತ್ತದೆ ಎಂದು ನಂಬಿರುವವರು ಈಗಲೂ ಇದ್ದಾರೆ. ಅಕ್ಕನ ಲೋಟ ಬೇರೆ ಇಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ. ಮಾತು ಆಡುವವರು ಜೋಪಾನವಾಗಿ ಆಡಬೇಕು. ನನಗೆ ಗೊತ್ತಿದ್ದ ಹಾಗೆ ಇದಕ್ಕೆ ನಾಬ್ ಇಲ್ಲ.

ರಿಟೈರ್ ಆದಮೇಲೆ ನಾನು ಜೇಬಿನಲ್ಲಿ ಒಂದು ಟಾರ್ಚ್ ಇಟ್ಟುಕೊಂಡಿದ್ದೇನೆ. ಹಳೇ ಜೊತೆಗಾರರು ಸಿಕ್ಕರೆ ಬಾಯಿ ತೆರೆಯಿರಿ ಅನ್ನುತ್ತೇನೆ. ನನಗೆ ಹುಚ್ಚು ಎಂದು ಮಾತಾಡಿಕೊಳ್ಳುತ್ತಾರೆ, ಪರವಾಗಿಲ್ಲ. ಕಳೆದ ತಿಂಗಳು ಸಂತೆಯಲ್ಲಿ ನಾಲ್ಕು ಜನ ಸಿಕ್ಕಿದರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾ ಓಡಿಹೋದಳು. ಇಬ್ಬರ ಬಾಯಿ ಕೆಂಪು ಕೆಂಪಾಗಿದ್ದರೂ ಚೆನ್ನಾಗಿತ್ತು. ನಾಲ್ಕನೆಯವಳ ಎಡಗೆನ್ನೆಯಲ್ಲಿ ಆ ಕೆನೆ ಇತ್ತು. ಅದೇ ಬಣ್ಣ. ಬೆಟ್ಟು ಹಾಕಿ ಉಜ್ಜಿದರೂ ಹೋಗಲಿಲ್ಲ. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೂರು ತೆಗೆದು ಕಳಿಸಿದರು. ಕ್ಯಾನ್ಸರ್ ಅಲ್ಲ ಎಂದು ಬಂತು, ಆದರೆ ಕವಳ ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಅಂದರು. ಅವಳು ಸಂಚಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಇಟ್ಕೋ ಅಣ್ಣ, ನನ್ನ ಹತ್ರ ಇದ್ರೆ ಆಗಲ್ಲ," ಅಂದಳು. ನಮ್ಮ ಮನೆ ಗೂಟದಲ್ಲಿ ನೇತಾಡುತ್ತಿದೆ. ಅಕ್ಕ ದಿನಾ ನೋಡುತ್ತಾಳೆ, ಏನೂ ಅನ್ನುವುದಿಲ್ಲ.

ನನ್ನ ಟಾರ್ಚ್ ಬಿಳಿ ಬೆಳಕಿನದು, ಅದರಲ್ಲಿ ಕಾಣುವಷ್ಟೇ ಕಾಣುತ್ತದೆ. ನೀಲಿ ಬೆಳಕು ಇರುವವರು ಯಾರಾದರೂ ಬರುವುದಾದರೆ, ಅದಕ್ಕೆ ಕತ್ತಲೆ ಕೋಣೆ ಬೇಕಲ್ಲ, ನಮ್ಮ ಕ್ಯೂರಿಂಗ್ ಗೇಟಿನ ಎಡಗಡೆ ಟೀ ಅಂಗಡಿಯ ಹಿಂದೆ ಒಂದು ಹಳೇ ಗೋದಾಮು ಇದೆ. ಕಿಟಕಿ ಇಲ್ಲ. ಗೋಣಿ ವಾಸನೆ ಸ್ವಲ್ಪ ಜಾಸ್ತಿ. ಬೀಗದ ಕೈ ಮೇಸ್ತ್ರಿ ಹತ್ತಿರ ಇದೆ, ನಾನು ಮಾತಾಡಿ ಇಟ್ಟಿದ್ದೇನೆ.

ಇತಿ,
ಒಬ್ಬ ನಿವೃತ್ತ ಕಲರ್ ಸಾರ್ಟರ್ ಆಪರೇಟರ್,
ಚಿಕ್ಕಮಗಳೂರು